ಒಡೆಯನ ಹೆಸರು ಬದಲಾದರೆ ಸಾಕೆ?

ಕೆನಡಾ ದೇಶದ ಪಡುವಣ ಕಡಲಂಚಿನಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಿಟಿಮಾಟ್ ಎಂಬ ಊರಿನ ಬಳಿ, ನೀರಿನ ಮೇಲೆ ತೇಲುವ ಕಾರ್ಖಾನೆಯೊಂದನ್ನು ನಿಲ್ಲಿಸುವ ಯೋಜನೆಯಿದೆ. ಅದರ ಹೆಸರು ಸೀಡರ್ ಎಲ್‌ಎನ್‌ಜಿ. ನೆಲದಡಿಯ ಅನಿಲವನ್ನು ದ್ರವವಾಗಿಸಿ, ಹಡಗಿಗೆ ತುಂಬಿ, ಏಷ್ಯಾ ಖಂಡದ ದೇಶಗಳಿಗೆ ಕಳಿಸುವುದು ಅದರ ಕೆಲಸ. ಇಂಥ ಕಾರ್ಖಾನೆ ಪ್ರಪಂಚಕ್ಕೆ ಹೊಸದಲ್ಲ. ಹೊಸದು ಅದರ ಒಡೆತನ. ನೂರಕ್ಕೆ 50.1 ಪಾಲು ಆ ದಡದ ಮೂಲನಿವಾಸಿಗಳಾದ ಹೈಸ್ಲಾ ಜನರದು. ಉಳಿದ 49.9 ಪಾಲು ಪೆಂಬಿನಾ ಎಂಬ ಕಂಪೆನಿಯದು. 2024ರ ಜೂನ್ ತಿಂಗಳಲ್ಲಿ ಹಣ ಹೂಡುವ ಕೊನೆಯ ತೀರ್ಮಾನವಾಯಿತು. 2028ರ ಕೊನೆಗೆ ಕೆಲಸ ಶುರುವಾಗಬೇಕೆಂಬುದು ಅವರ ಲೆಕ್ಕ.

ಇದನ್ನು ತೋರಿಸಿ ಬಂಡವಾಳದ ವಕೀಲರು ಹೊಸ ರಾಗ ತೆಗೆದಿದ್ದಾರೆ. "ನೋಡಿ, ಕಾಡಿನ ಜನರೇ ಕಾರ್ಖಾನೆಯ ಒಡೆಯರಾದರು. ಅರ್ಧಕ್ಕಿಂತ ಹೆಚ್ಚು ಪಾಲು ಅವರದೇ. ಇನ್ನು ಶೋಷಣೆಯ ಮಾತೆಲ್ಲಿ? ಇನ್ನು ನಿಮ್ಮ ತಕರಾರೇನು?" ಎಂಬುದು ಅವರ ವಾದ.

ನಮ್ಮ ತಕರಾರು ಏನೆಂದು ನಾವು ಹೇಳುತ್ತೇವೆ. ಕಿಟಿಮಾಟಿನ ಜನರ ಮೇಲೆ ನಮ್ಮ ತಕರಾರಿಲ್ಲ. ಪಾಲು ಕೊಟ್ಟರೆ ಬಾಯಿ ಮುಚ್ಚಿಸಬಹುದೆಂಬ ಲೆಕ್ಕಾಚಾರದ ಮೇಲೆ ನಮ್ಮ ತಕರಾರು. ಈ ಲೆಕ್ಕಾಚಾರ ಸಮುದ್ರ ದಾಟಿ ಬರಲು ಹೆಚ್ಚು ದಿನ ಬೇಕಾಗಿಲ್ಲ. ಕಾವೇರಿಯ ದಡದಲ್ಲಿರುವ ಸತ್ತೇಗಾಲದವರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಳ್ಳೇಗಾಲದ ಮಗ್ಗದವರು, ಅಂಗಡಿಯವರು ಇದನ್ನು ಈಗಲೇ ಅರ್ಥಮಾಡಿಕೊಳ್ಳಬೇಕು.

ಮೊದಲು ವಿಷಯ ತಿಳಿಯೋಣ. ನಮ್ಮ ಮನೆಯ ಸಿಲಿಂಡರಿನ ಅನಿಲ ಬೇರೆ, ಇದು ಬೇರೆ. ಈ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಕ್ಕೆ ತಣಿಸಿದರೆ ಅದು ನೀರಿನಂತಾಗುತ್ತದೆ. ಆರುನೂರು ಪಾತ್ರೆಯಲ್ಲಿ ಹಿಡಿಯುತ್ತಿದ್ದದ್ದು ಒಂದು ಪಾತ್ರೆಯಲ್ಲಿ ಹಿಡಿಯುತ್ತದೆ. ಹಾಗೆ ಕುಗ್ಗಿಸಿದ ಮೇಲೆಯೇ ಹಡಗಿನಲ್ಲಿ ಸಾಗಿಸಲು ಗಿಟ್ಟುತ್ತದೆ. ಸೀಡರ್ ಕಾರ್ಖಾನೆ ವರ್ಷಕ್ಕೆ ಸುಮಾರು 33 ಲಕ್ಷ ಟನ್ ಅನಿಲವನ್ನು ಹೀಗೆ ತಣಿಸಬಲ್ಲದು. ಖರ್ಚು ಸುಮಾರು 400 ಕೋಟಿ ಅಮೆರಿಕನ್ ಡಾಲರು. ತೇಲುವ ಭಾಗವನ್ನು ಕಟ್ಟುವ ಗುತ್ತಿಗೆ ಹೋದದ್ದು ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಹೆವಿ ಇಂಡಸ್ಟ್ರೀಸ್ ಕಂಪೆನಿಯ ಕೈಗೆ.

ಹೈಸ್ಲಾ ಜನ ಇದಕ್ಕೆ ಒಪ್ಪಿದ್ದೇಕೆ? ದೂರ ಕುಳಿತು ಅವರನ್ನು ಹಣಕ್ಕೆ ಮಾರಿಕೊಂಡವರೆಂದು ಹಳಿಯುವ ಪಂಡಿತರೂ ಇದ್ದಾರೆ. ಅವರ ಜತೆಗೂ ನಾವು ಇಲ್ಲ. ಆ ಜನ ಕಂಡದ್ದೇನೆಂದು ಮೊದಲು ಕೇಳಬೇಕು. 1876ರ ಇಂಡಿಯನ್ ಕಾಯಿದೆ ಅವರನ್ನು ತಮ್ಮ ನೆಲದಲ್ಲೇ ಸರಕಾರದ ಪಾಲನೆಯ ಮಕ್ಕಳನ್ನಾಗಿ ಮಾಡಿತು. ತಮ್ಮ ಕುಲದ ಹಬ್ಬ ಮಾಡಿ ಕೂಡಿ ಉಂಡು ಹಂಚುವುದನ್ನೇ 1885ರಿಂದ 1951ರವರೆಗೆ ಅಪರಾಧವೆಂದು ನಿಷೇಧಿಸಲಾಗಿತ್ತು. 1952ರಲ್ಲಿ ಅಲ್ಯೂಮಿನಿಯಂ ಕಂಪೆನಿಗೆ ವಿದ್ಯುತ್ತು ಬೇಕೆಂದು ನೆಚಾಕೊ ನದಿಗೆ ಅಣೆಕಟ್ಟು ಕಟ್ಟಿ, ಚೆಸ್ಲಾಟಾ ಜನರನ್ನು ಅವರ ಹಳ್ಳಿಗಳಿಂದ ಎಬ್ಬಿಸಿದರು. ಆ ವಿದ್ಯುತ್ತಿನಿಂದ 1954ರಲ್ಲಿ ಕಿಟಿಮಾಟಿನಲ್ಲಿ, ಹೈಸ್ಲಾ ಜನರ ನೆಲದಲ್ಲಿ, ಲೋಹ ಕರಗಿಸುವ ಕುಲುಮೆ ಹೊತ್ತಿತು. ಆಮೇಲೆ ಕಾಗದದ ಗಿರಣಿ ಬಂತು. ಅದರ ಕೊಳೆ ನದಿಗೆ ಬಿದ್ದು, ತಲೆತಲಾಂತರದಿಂದ ಅವರು ಹಿಡಿದು ಎಣ್ಣೆ ತೆಗೆಯುತ್ತಿದ್ದ ಊಲಿಕನ್ ಎಂಬ ಸಣ್ಣ ಮೀನು ಬಾಯಿಗಿಡಲಾಗದಂತಾಯಿತು. ಕಾರ್ಖಾನೆಗಳು ಬಂದವು, ಲಾಭ ಹೋಯಿತು, ಹೊಲಸು ಉಳಿಯಿತು. ಅರ್ಧ ಶತಮಾನ ಹೀಗೆ ನೋಡುತ್ತ ನಿಂತ ಜನ, "ಹೇಗೂ ಕಾರ್ಖಾನೆ ಬರುವುದಾದರೆ ಈ ಸಲ ನಮ್ಮ ಹೆಸರಿನಲ್ಲೇ ಬರಲಿ" ಎಂದರೆ ತಪ್ಪು ಹಿಡಿಯುವವರು ಯಾರು? ಹೈಸ್ಲಾ ಮಂಡಳಿಯ ಮುಖ್ಯಸ್ಥೆಯಾಗಿ ಈ ಯೋಜನೆಯನ್ನು ಮುನ್ನಡೆಸಿದ ಕ್ರಿಸ್ಟಲ್ ಸ್ಮಿತ್ ಅವರ ಪಟ್ಟನ್ನು ನಾವು ಗೌರವಿಸುತ್ತೇವೆ. ಬೇಡುವ ಜಾಗದಿಂದ ಎದ್ದು ಬಂದು ಚೌಕಾಸಿ ಮಾಡುವ ಜಾಗದಲ್ಲಿ ಕುಳಿತದ್ದು ಸಣ್ಣ ಗೆಲುವಲ್ಲ.

ಆದರೆ ಗೆಲುವಿನ ಅಳತೆ ಎಷ್ಟು? ಇಲ್ಲಿ ಲೆಕ್ಕದ ಪುಸ್ತಕ ತೆರೆಯಲೇಬೇಕು.

ಕೊಳ್ಳೇಗಾಲದ ಮಗ್ಗದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮಗ್ಗ ನೇಯುವವನದು. ಮನೆ ನೇಯುವವನದು. ರೇಷ್ಮೆ ನೂಲು ಮಾತ್ರ ಸಾಹುಕಾರನದು. ನೇಯ್ದ ಸೀರೆಯೂ ಸಾಹುಕಾರನದು. ನೇಯ್ದವನಿಗೆ ಸಿಗುವುದು ಮಜೂರಿ. ಸೀರೆಗೆ ಬೆಂಗಳೂರಿನಲ್ಲಿ ಎರಡರಷ್ಟು ಬೆಲೆ ಬಂದರೂ ಮಜೂರಿ ಮಜೂರಿಯೇ. "ನೀನು ಮಗ್ಗದ ಒಡೆಯನಪ್ಪಾ" ಎಂದು ಬೆನ್ನು ತಟ್ಟಿದರೆ ಅವನ ಹೊಟ್ಟೆ ತುಂಬುತ್ತದೆಯೆ? ಸೀಡರ್ ಕಾರ್ಖಾನೆ ನಡೆಯುವುದು ಇದೇ ಮಜೂರಿಯ ಪದ್ಧತಿಯಲ್ಲಿ. ಒಳಗೆ ಬರುವ ಅನಿಲ ಬೇರೆ ಕಂಪೆನಿಗಳದು. ತಣಿಸಿಕೊಟ್ಟದ್ದಕ್ಕೆ ಕಾರ್ಖಾನೆಗೆ ಕೂಲಿ. ಎಆರ್‌ಸಿ ಎಂಬ ಕಂಪೆನಿ ವರ್ಷಕ್ಕೆ 15 ಲಕ್ಷ ಟನ್ನಿಗೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಅಷ್ಟೇ ಪ್ರಮಾಣವನ್ನು ಪಾಲುದಾರ ಪೆಂಬಿನಾ ತಾನೇ ಹಿಡಿದಿಟ್ಟುಕೊಂಡಿತು. ಮಜೂರಿ ತಪ್ಪದೆ ಬರುತ್ತದೆ, ನಷ್ಟದ ಭಯ ಕಡಮೆ ಎಂಬುದು ನಿಜ. ಆದರೆ ಸಂತೆಯಲ್ಲಿ ಬೆಲೆ ಏರಿದಾಗ ಗಂಟು ಕಟ್ಟುವವನು ಮಾಲಿನ ಧಣಿ, ಮಗ್ಗದ ಒಡೆಯನಲ್ಲ.

ಬೆಲೆ ಹೇಗೆ ಏರುತ್ತದೆಂದು 2022ರಲ್ಲಿ ಪ್ರಪಂಚ ನೋಡಿತು. ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯುರೋಪಿನ ಶ್ರೀಮಂತ ದೇಶಗಳು ಸಿಕ್ಕ ಬೆಲೆಗೆ ಅನಿಲ ಬಾಚಿಕೊಂಡವು. ಆ ವರ್ಷದ ಜುಲೈನಲ್ಲಿ ಪಾಕಿಸ್ತಾನ ಟೆಂಡರು ಕರೆದರೆ ಮಾರುವವನು ಒಬ್ಬನೂ ಬರಲಿಲ್ಲ. ಬಡ ದೇಶದ ಊರುಗಳು ಕತ್ತಲೆಯಲ್ಲಿ ಕುಳಿತವು, ಮಾರಾಟಗಾರರ ಪೆಟ್ಟಿಗೆ ತುಂಬಿತು. ಚೀನಾದ ರೇಷ್ಮೆ ಬಂದಿಳಿದಾಗ ಗೂಡಿನ ಬೆಲೆ ಏನಾಗುತ್ತದೆಂದು ಕಂಡಿರುವ ನಮ್ಮ ವ್ಯಾಪಾರಿಗಳಿಗೆ ಈ ಸಂತೆಯ ಗುಣ ಚೆನ್ನಾಗಿ ಗೊತ್ತು.

ಇನ್ನು ಸಾಲದ ಮಾತು. ನೂರು ರೂಪಾಯಿ ಬಂಡವಾಳದಲ್ಲಿ ಸುಮಾರು ಅರವತ್ತು ರೂಪಾಯಿ ಸಾಲ ಎಂಬುದು ಯೋಜನೆಯ ಲೆಕ್ಕ. ಅಂಗಡಿಯ ಬೋರ್ಡಿನ ಮೇಲೆ ನಿನ್ನ ಹೆಸರು, ಒಳಗಿನ ಮಾಲು ಸಾಲದ್ದು ಎಂದರೆ ಬೆಳಗ್ಗೆ ಬಾಗಿಲು ತೆಗೆಯುವಾಗ ಯಾರ ಮುಖ ನೆನಪಾಗುತ್ತದೆಂದು ನಮ್ಮ ಚಿಲ್ಲರೆ ಅಂಗಡಿಯವರನ್ನು ಕೇಳಿ. ಕೆಲಸವಾದರೂ ಎಷ್ಟು ಜನಕ್ಕೆ? ಕಟ್ಟುವಾಗ ಸುಮಾರು 500, ನಡೆಯುವಾಗ ಸುಮಾರು 100 ಎಂದು ಯೋಜನೆಯವರೇ ಹೇಳಿದ್ದಾರೆ.

ಲೆಕ್ಕದಲ್ಲಿ ಸೇರದ ಸಂಗತಿ ಇನ್ನೂ ದೊಡ್ಡದು. ಅನಿಲ ಕಿಟಿಮಾಟಿಗೆ ಬರುವುದು 670 ಕಿಲೋಮೀಟರು ಉದ್ದದ ಕೋಸ್ಟಲ್ ಗ್ಯಾಸ್‌ಲಿಂಕ್ ಕೊಳವೆಯಿಂದ. ಆ ಕೊಳವೆ ವೆಟ್‌ಸುವೆಟೆನ್ ಎಂಬ ಇನ್ನೊಂದು ಮೂಲನಿವಾಸಿ ಜನರ ನೆಲವನ್ನು ಸೀಳಿ ಬರುತ್ತದೆ. ದಾರಿಯುದ್ದದ 20 ಚುನಾಯಿತ ಮಂಡಳಿಗಳು ಸಹಿ ಹಾಕಿದವು. ವೆಟ್‌ಸುವೆಟೆನ್ ಕುಲದ ಪರಂಪರೆಯ ಮುಖಂಡರು ಬೇಡವೆಂದರು. ಈ ಮುಖಂಡರೇ ನೆರೆಯ ಗಿಟ್‌ಕ್ಸಾನ್ ಮುಖಂಡರೊಡನೆ ಸೇರಿ ಹೂಡಿದ ದಾವೆಯಲ್ಲಿ 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ನೆಲದ ಮೇಲೆ ಮೂಲನಿವಾಸಿಗಳ ಒಡೆತನವೆಂಬುದು ಇದೆಯೆಂದು ಒಪ್ಪಿತ್ತು. ಆದರೂ ಬೇಡವೆಂದವರ ಮೇಲೆ ಪೊಲೀಸರು ಬಂದರು. 2020ರ ಫೆಬ್ರವರಿಯಲ್ಲಿ ಅವರ ಪರವಾಗಿ ಜನ ರೈಲು ಹಳಿಗಳ ಮೇಲೆ ಕುಳಿತು ದೇಶದ ಸಾಗಾಟವನ್ನೇ ನಿಲ್ಲಿಸಿದರು. ಕೊಳವೆ ಮಾತ್ರ ನಿಲ್ಲಲಿಲ್ಲ. ಕಿಟಿಮಾಟಿಗೆ ಬಡಗಲಲ್ಲಿ ನಿಸ್ಗಾ ಜನರು ಪಾಲುದಾರರಾಗಿರುವ ಇನ್ನೊಂದು ತೇಲುವ ಕಾರ್ಖಾನೆಗೆ 2025ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನೂ ನೆರೆಯ ಲಾಕ್ಸ್ ಕ್ವಲಾಮ್ಸ್ ಜನರು ವಿರೋಧಿಸಿದ್ದಾರೆ.

ಅಂದರೆ ನಡೆದದ್ದೇನು? ಹೂಂ ಎಂದವನಿಗೆ ಪಾಲು ಸಿಕ್ಕಿತು, ಉಹೂಂ ಎಂದವನ ಮನೆಗೆ ಪೊಲೀಸು ಹೋಯಿತು. ಇದು ಒಪ್ಪಿಗೆಯೆ? ಬೇಡ ಎನ್ನುವ ಹಕ್ಕಿಲ್ಲದವನ ಹೂಂ ಎಂಬ ಮಾತಿಗೆ ಬೆಲೆಯೆಷ್ಟು? ಈ ಲೇಖನದಲ್ಲಿ ನಾವು ಹೇಳಬೇಕಾದ ಮಾತು ಇದೊಂದೇ. ಪಾಲು ಒಳ್ಳೆಯದು, ಆದರೆ ಪಾಲು ಒಡೆತನವಲ್ಲ. ಬೇಡವೆಂದರೆ ನಿಲ್ಲಬೇಕು, ಆಗ ಅದು ಒಡೆತನ.

ಇದು ಪರದೇಶದ ಕಥೆ ಎನ್ನುವವರು ಸತ್ತೇಗಾಲಕ್ಕೆ ಬರಲಿ. ಪಕ್ಕದ ಶಿವನಸಮುದ್ರವನ್ನು ನೋಡಲಿ. ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡಿ ಫೋಟೋ ಹಿಡಿದು ಹೋಗುವವರಿಗೆ ತಿಳಿಯದ ಒಂದು ಸಂಗತಿಯಿದೆ. ತನ್ನ ನೆಲದ ಶಕ್ತಿಯನ್ನು ತಾನೇ ಒಡೆಯನಾಗಿ ದೂರಕ್ಕೆ ಮಾರುವ ಪ್ರಯೋಗ ಇಲ್ಲಿ 1902ರಲ್ಲೇ ನಡೆದಿತ್ತು.

ಆ ವರ್ಷದ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಷ್ಟು ದೂರ ವಿದ್ಯುತ್ತು ಹರಿಸಿದ್ದು ಆಗಿನ ಕಾಲಕ್ಕೆ ಪ್ರಪಂಚವೇ ಬೆರಗಾದ ಕೆಲಸ. ವಿದ್ಯುದಾಗಾರ ಕಟ್ಟಿಸಿದ್ದು ಬ್ರಿಟಿಷ್ ಕಂಪೆನಿಯಲ್ಲ, ನಮ್ಮದೇ ಮೈಸೂರು ಸಂಸ್ಥಾನ. ದಿವಾನ ಶೇಷಾದ್ರಿ ಅಯ್ಯರ್ ಇದರ ಬೆನ್ನು ಹತ್ತಿ, ಕೆಲಸ ಮುಗಿಯುವುದನ್ನು ಕಾಣದೆ 1901ರಲ್ಲಿ ತೀರಿಕೊಂಡರು. ಯಂತ್ರ ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ. ಯೋಜನೆ ಹಾಕಿದ ಎಂಜಿನಿಯರು ಅಲೆನ್ ಜೋಲಿ ದ ಲಾಟ್‌ಬಿನಿಯರ್, ಕೆನಡಾದವರು! ಇಲ್ಲಿ ಮಗ ಕಾವೇರಿಯ ವಿದ್ಯುತ್ತನ್ನು ಗಣಿಗೆ ಕಳಿಸುತ್ತಿದ್ದಾಗ, ಅಲ್ಲಿ ಅವರ ತಂದೆ ಬ್ರಿಟಿಷ್ ಕೊಲಂಬಿಯಾದ, ಅಂದರೆ ಹೈಸ್ಲಾ ಜನರ ನಾಡಿನ, ಲೆಫ್ಟಿನೆಂಟ್ ಗವರ್ನರಾಗಿದ್ದರು. ಎರಡು ನಾಡಿಗೂ ಆಗ ಒಂದೇ ಸಾಮ್ರಾಜ್ಯ, ಒಂದೇ ಮನೆತನದ ಕಾರಭಾರ. ಕಿಟಿಮಾಟಿಗೂ ಸತ್ತೇಗಾಲಕ್ಕೂ ಏನು ಸಂಬಂಧ ಎನ್ನುವವರಿಗೆ ಇಷ್ಟು ಸಾಕು.

ಒಡೆತನ ಮೈಸೂರು ಅರಸರದು. ಕೊಳ್ಳುವವನು ಯಾರು? ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳು. ವಿದ್ಯುತ್ತಿನ ಹಣ ಸಂಸ್ಥಾನದ ಬೊಕ್ಕಸಕ್ಕೆ ಬಂತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆದರೆ ಚಿನ್ನ ಹೋದದ್ದು ಲಂಡನ್ನಿಗೆ. ನೆಲದಡಿಯಲ್ಲಿ ಇಳಿದು ದೂಳು ನುಂಗಿದವರು ಬಡ ಕೂಲಿಗಳು, ಹೆಚ್ಚಿನವರು ತಮಿಳು ನಾಡಿನಿಂದ ಬಂದ ದಲಿತರು. ಕಳ್ಳರಂತೆ ಬೆರಳಚ್ಚು ಕೊಡಬೇಕೆಂಬ ಕಟ್ಟಳೆಗೆ ಎದುರಾಗಿ 1930ರಲ್ಲಿ ಅವರು ಮುಷ್ಕರ ಹೂಡಬೇಕಾಯಿತು. 1956ರಲ್ಲಿ ಗಣಿ ಸರಕಾರದ ಕೈಗೆ ಬಂತು. ಅಷ್ಟು ಹೊತ್ತಿಗೆ ಗಟ್ಟಿ ಅದಿರು ಬರಿದಾಗುತ್ತ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ಗುಡ್ಡಗಳು, ಕೆಲಸವಿಲ್ಲದ ಮನೆಗಳು.

ಹೊಳೆಯ ದಡದ ಹಳ್ಳಿಗೆ ಸಿಕ್ಕಿದ್ದೇನು? ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಶಿವನಸಮುದ್ರಕ್ಕೆಂದೇ ಹುಟ್ಟಿದಂತಿದೆ. ಅಕ್ಕಪಕ್ಕದ ಗುಡಿಸಲುಗಳಿಗಾಗಿ ಆ ವಿದ್ಯುದಾಗಾರ ಕಟ್ಟಿರಲೂ ಇಲ್ಲ. ಆಗ ಸತ್ತೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಎದುರು ದಡ ಮೈಸೂರಿನದು. ನದಿಯ ವಿಷಯವನ್ನು ಎರಡು ಸರಕಾರಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡವು. ಎರಡರಲ್ಲಿ ಯಾವುದೂ ದಡದ ಹಳ್ಳಿಯನ್ನು ಕರೆದು ಕೇಳಲಿಲ್ಲ. ಒಡೆಯ ನಮ್ಮವನಾದ ಮಾತ್ರಕ್ಕೆ ಒಡೆತನ ನಮ್ಮದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಹಳೆಯ ಕಥೆ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಬೆಂಗಳೂರು ಕುಡಿಯುವ ಕಾವೇರಿ ನೀರನ್ನು ಎತ್ತುವುದು ಶಿವನಸಮುದ್ರದ ಆಸುಪಾಸಿನಿಂದಲೇ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನದು. ಸತ್ತೇಗಾಲದ ಹೆಸರಿನಲ್ಲೇ ಸುರಂಗ ಕೊರೆದು ಇಗ್ಗಲೂರಿನ ಕಡೆಗೆ ನೀರೊಯ್ಯುವ ಯೋಜನೆ ಮಾಡಿದ್ದಾರೆ. ಬಾಯಾರಿದವರಿಗೆ ನೀರು ಬೇಡವೆನ್ನುವಷ್ಟು ಕಟುಕರು ನಾವಲ್ಲ. ಬೆಂಗಳೂರಿನ ಕೊಳಗೇರಿಯಲ್ಲಿ ಕೊಡ ಹಿಡಿದು ನಿಂತವಳೂ ನಮ್ಮವಳೇ. ಆದರೆ ಕೊಡುವವನನ್ನು ಒಂದು ಮಾತು ಕೇಳುವ ಮರ್ಯಾದೆ ಬೇಡವೆ?

ಅದಕ್ಕಿಂತ ದೊಡ್ಡದು ಮೇಕೆದಾಟು. 67 ಟಿಎಂಸಿ ನೀರು, 400 ಮೆಗಾವಾಟ್ ವಿದ್ಯುತ್ತು, ಸುಮಾರು 9,000 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿ 2019ರ ಜನವರಿಯಲ್ಲಿ ರಾಜ್ಯ ಸರಕಾರ ಕೇಂದ್ರಕ್ಕೆ ವರದಿ ಕೊಟ್ಟಿತು. ಮುಳುಗುವುದು ಸುಮಾರು 5,000 ಹೆಕ್ಟೇರು, ಅದರಲ್ಲಿ ಹೆಚ್ಚಿನದು ಕಾವೇರಿ ವನ್ಯಜೀವಿಧಾಮದ ಕಾಡು. ಕರ್ನಾಟಕ ಬೇಕೆನ್ನುತ್ತದೆ, ತಮಿಳುನಾಡು ಬೇಡವೆನ್ನುತ್ತದೆ. 1902ರಲ್ಲಿ ಇದ್ದಂತೆಯೇ ಎರಡು ಸರಕಾರಗಳ ಮಾತು. ಕಾಡಂಚಿನ ಹಳ್ಳಿ ಮೂರನೆಯ ಕಕ್ಷಿ, ಅದಕ್ಕೆ ಕುಳಿತುಕೊಳ್ಳಲು ಕುರ್ಚಿಯಿಲ್ಲ. ನಾಳೆ ಯಾರೋ ಬಂದು, "ನಿಮಗೂ ಇಷ್ಟು ಷೇರು ಕೊಡುತ್ತೇವೆ, ಸಹಿ ಹಾಕಿ" ಎಂದರೆ ನಾವು ಕುಣಿದಾಡಬೇಕೆ?

ಸೋಲಿಗರನ್ನು ನೋಡಿ. ಯಳಂದೂರಿನ ಮೇಲಿನ ಬಿಳಿಗಿರಿ ಬೆಟ್ಟದಲ್ಲಿ ಜೇನು, ನೆಲ್ಲಿ, ಪಾಚಿ ಆಯ್ದು ಬದುಕುತ್ತಿದ್ದ ಜನ. ವನ್ಯಜೀವಿ ಕಾಯಿದೆಯ ತಿದ್ದುಪಡಿಯನ್ನು ಹಿಡಿದು, 2006ರ ಹೊತ್ತಿಗೆ ಅವರು ಕಾಡಿನ ಉತ್ಪನ್ನ ತೆಗೆದು ಮಾರುವುದನ್ನೇ ನಿಲ್ಲಿಸಿದರು. ಅದೇ ವರ್ಷ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯಿದೆ ಮಾಡಿತು. ಒಂದು ಕೈ ಕಿತ್ತುಕೊಂಡಿತು, ಇನ್ನೊಂದು ಕೈ ಕಾಗದ ಕೊಟ್ಟಿತು. 2011ರ ಜನವರಿಯಲ್ಲಿ ಅಲ್ಲಿ ಹುಲಿ ರಕ್ಷಿತಾರಣ್ಯ ಘೋಷಣೆಯಾದಾಗ ತಮ್ಮ ಗ್ರಾಮಸಭೆಗಳನ್ನು ಕೇಳಲಿಲ್ಲವೆಂದು ಸೋಲಿಗರ ಸಂಘಗಳು ಪ್ರತಿಭಟಿಸಿದವು. ಅವರು ಬಿಡಲಿಲ್ಲ. ಪೋಡಿನಿಂದ ಪೋಡಿಗೆ ನಡೆದರು, ತಮ್ಮ ದೇವರ ನೆಲೆ, ಕಲ್ಲು, ತೊರೆಗಳನ್ನೆಲ್ಲ ಗುರುತು ಹಾಕಿ ಹಕ್ಕು ಕೇಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಕಾಡಿನ ನಡುವೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಅವರು ಮೊದಲಿಗರು. ಯಾವ ಕಂಪೆನಿಯೂ ಅವರಿಗೆ ಷೇರು ಕೊಡಲಿಲ್ಲ. ಅವರು ಗೆದ್ದದ್ದು ಷೇರಿಗಿಂತ ದೊಡ್ಡದು, ಕೇಳದೆ ಕಾಲಿಡಬೇಡ ಎಂದು ಕಾಯಿದೆಯ ಬಲದಿಂದ ಹೇಳುವ ನಾಲಗೆ.

ಆ ನಾಲಗೆಗೆ ಬಲವಿದೆ. ಒಡಿಶಾದ ನಿಯಮಗಿರಿಯಲ್ಲಿ ವೇದಾಂತ ಕಂಪೆನಿಗೆ ಬಾಕ್ಸೈಟ್ ಬೇಕಿತ್ತು. 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನು ಕೇಳಿ ಎಂದಿತು. 12 ಸಭೆಗಳು ಕೂಡಿದವು, 12ಕ್ಕೆ 12 ಬೇಡವೆಂದವು. ಬೆಟ್ಟ ಉಳಿಯಿತು. ಇದನ್ನು ಕಂಡು ಹೆದರಿದವರು ಸುಮ್ಮನೆ ಕೂರಲಿಲ್ಲ. 2022ರಲ್ಲಿ ಅರಣ್ಯ ಸಂರಕ್ಷಣೆಯ ನಿಯಮಗಳನ್ನೇ ತಿದ್ದಿ, ಕೇಂದ್ರ ಒಪ್ಪಿಗೆ ಕೊಡುವ ಮುಂಚೆ ಗ್ರಾಮಸಭೆಯ ಮಾತನ್ನು ನೋಡಬೇಕೆಂಬ ಪದ್ಧತಿಯನ್ನು ಸಡಿಲಿಸಿದರು, ಹೊಣೆಯನ್ನು ರಾಜ್ಯಗಳ ಮೇಲೆ ಹಾಕಿದರು. ಕಾಡಿನವರಿಗೆ ಇಷ್ಟಾದರೂ ಇದೆ. ಸತ್ತೇಗಾಲದಂಥ ಹೊಳೆದಡದ ಹಳ್ಳಿಯ ಗ್ರಾಮಸಭೆಗೆ ನದಿಯ ನೀರು, ವಿದ್ಯುತ್ತಿನ ವಿಷಯದಲ್ಲಿ ಬೇಡವೆನ್ನುವ ಅಧಿಕಾರವೇ ಇಲ್ಲ.

"ಎಲ್ಲರೂ ಬೇಡವೆಂದರೆ ದೇಶ ಮುಂದುವರಿಯುವುದು ಹೇಗೆ?" ಎಂದು ಕೇಳುತ್ತಾರೆ. ಗಿರಣಿಯ ಕೆಲಸಗಾರ ಬಂಧುಗಳೇ, ಈ ಪ್ರಶ್ನೆಯನ್ನು ನೀವು ಎಲ್ಲೋ ಕೇಳಿದ್ದೀರಿ. "ಎಲ್ಲರೂ ಮುಷ್ಕರ ಹೂಡಿದರೆ ಗಿರಣಿ ನಡೆಯುವುದು ಹೇಗೆ?" ಎಂದು ಧಣಿ ಕೇಳುವುದಿಲ್ಲವೆ? ಮುಷ್ಕರದ ಹಕ್ಕಿದ್ದಲ್ಲಿ ಗಿರಣಿ ನಿಲ್ಲುವುದಿಲ್ಲ, ಧಣಿ ಮಾತಿಗೆ ಕೂರುತ್ತಾನೆ, ಕೂಲಿ ಏರುತ್ತದೆ, ಚಕ್ರ ತಿರುಗುತ್ತದೆ. ಬೇಡವೆನ್ನುವ ಹಕ್ಕಿದ್ದಲ್ಲಿ ಯೋಜನೆಗಳು ಸಾಯುವುದಿಲ್ಲ, ಕೆಟ್ಟ ಯೋಜನೆಗಳು ಸಾಯುತ್ತವೆ, ಒಳ್ಳೆಯವು ನ್ಯಾಯವಾದ ಬೆಲೆಗೆ ಬರುತ್ತವೆ. ಕೆಲಸಗಾರನಿಗೆ ಮುಷ್ಕರ ಹೇಗೋ ಹಳ್ಳಿಗೆ ಗ್ರಾಮಸಭೆಯ ಬೇಡ ಹಾಗೆ. ಅದು ಕೈಯಲ್ಲಿಲ್ಲದಾಗ ಬೋನಸ್ಸೂ ಭಿಕ್ಷೆ, ಷೇರೂ ಭಿಕ್ಷೆ.

ತೇಲುವ ಕಾರ್ಖಾನೆಗೆ ಒಂದು ಗುಣವಿದೆ. ವ್ಯಾಪಾರ ಗಿಟ್ಟದಿದ್ದರೆ ಹಗ್ಗ ಬಿಚ್ಚಿ ಬೇರೆ ದಡಕ್ಕೆ ಎಳೆದುಕೊಂಡು ಹೋಗಬಹುದು. ಬಂಡವಾಳವೂ ಹಾಗೆಯೇ, ಅದು ಎಲ್ಲಿದ್ದರೂ ತೇಲುತ್ತಲೇ ಇರುತ್ತದೆ. ದಡದ ಜನ ತೇಲಲಾರರು. ಆದುದರಿಂದ ದಡದವರ ಮಾತು ಮೊದಲು, ತೇಲುವವರ ಮಾತು ಆಮೇಲೆ.

ನಮ್ಮ ಬೇಡಿಕೆ ಇಷ್ಟು. ಮೇಕೆದಾಟಾಗಲಿ, ಸುರಂಗವಾಗಲಿ, ಕಾವೇರಿಯ ನೀರು ವಿದ್ಯುತ್ತುಗಳ ಯಾವ ಹೊಸ ಯೋಜನೆಯಾಗಲಿ, ಅದರ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿ ದಡದ ಪ್ರತಿ ಗ್ರಾಮಸಭೆಯ ಮುಂದಿಡಬೇಕು. ಗ್ರಾಮಸಭೆ ಬೇಡವೆಂದರೆ ಯೋಜನೆ ಅಲ್ಲಿಗೆ ನಿಲ್ಲಬೇಕು, ಅದಕ್ಕೆ ಕಾಯಿದೆಯ ಬಲ ಬೇಕು. ಬೇಕೆಂದರೆ ಆದಾಯದ ಪಾಲು ವರ್ಷ ವರ್ಷ ಪಂಚಾಯತಿಯ ಖಾತೆಗೆ ಬರಬೇಕು, ಅದು ಸಾಲದ ಮೇಲೆ ಕೊಂಡ ಷೇರಾಗಿರಬಾರದು. ಸೋಲಿಗರ ಹಕ್ಕುಪತ್ರಗಳನ್ನು ಮುಟ್ಟುವ ಯಾವ ನಿಯಮವನ್ನೂ ಅವರ ಸಭೆಯ ಒಪ್ಪಿಗೆಯಿಲ್ಲದೆ ಜಾರಿ ಮಾಡಬಾರದು.

ಇದನ್ನು ಯಾರೂ ತಂದು ಕೈಗಿಡುವುದಿಲ್ಲ. ಸೋಲಿಗರಿಗೂ ಯಾರೂ ತಂದು ಕೈಗಿಟ್ಟಿರಲಿಲ್ಲ. ಮುಂದಿನ ಗ್ರಾಮಸಭೆ ಕೂಡುವ ದಿನ ಅಂಗಡಿಯ ಬಾಗಿಲು ಅರ್ಧ ದಿನ ಮುಚ್ಚಿ, ಪಾಳಿ ಬದಲಾಯಿಸಿಕೊಂಡು, ನೀವೆಲ್ಲ ಅಲ್ಲಿ ಹೋಗಿ ಕೂರಬೇಕು. ಈ ನಾಲ್ಕು ಬೇಡಿಕೆಗಳನ್ನು ಠರಾವಾಗಿ ಬರೆಸಿ, ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬಾರದು.